ಸಿಪಿಲೆ ಬಾಲದಿಂದ ಹೊಳೆ ಅಳೆದದ್ದು

ಭೂಮಿ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಬೆಟ್ಟಗಳಿಗೆ ಹಿಮದ ಟೋಪಿ ಹಾಕಿಕೊಂಡು ಅಭ್ಯಾಸವೇ ಆಗಿರಲಿಲ್ಲ. ಹೊಳೆಗಳಿಗೆ ತಾವು ಎಷ್ಟು ದೊಡ್ಡವು ಅಂತ ಗೊತ್ತಿರಲಿಲ್ಲ. ಸಿಪಿಲೆ ಹಕ್ಕಿ ಬಾಲವನ್ನು ಒಂಚೂರೂ ಅಲ್ಲಾಡಿಸದೆ, ನೆಟ್ಟಗೆ ಹಿಡಿದು ಓಡಾಡುತ್ತಿತ್ತು.

ಸಿಪಿಲೆ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ. ಬಾಲ ಬಿಟ್ಟರೆ ಗುಬ್ಬಚ್ಚಿಯಷ್ಟೇ ಇದೆ. ನೀರಿನ ಅಂಚಿನಲ್ಲಿ ಪುಟುಪುಟು ಓಡುತ್ತದೆ.

ದೂರದ ಉತ್ತರದಲ್ಲಿ, ಹಿಮದ ಬೆಟ್ಟದ ಬುಡದಲ್ಲಿ, ಬಿಸ್ನಿ ಎಂಬ ಅಜ್ಜಿ ಇದ್ದಳು. ಅವಳಿಗೆ ಹನ್ನೊಂದು ಕುರಿ, ಆಗಷ್ಟೇ ಹುಟ್ಟಿದ ಒಂಬತ್ತು ಮರಿ. ಹೊದೆಯುವ ಉಣ್ಣೆ ಅವುಗಳದ್ದು, ಕುಡಿಯುವ ಹಾಲು ಅವುಗಳದ್ದು, ಮಾತಿಗೆ ಜೊತೆಯೂ ಅವೇ. ಅವು ಹೋದರೆ ಅಜ್ಜಿಗೆ ಏನೂ ಉಳಿಯುತ್ತಿರಲಿಲ್ಲ.

ಚಳಿ ಮುಗಿದ ಮೇಲೆ ಆ ಊರಿನಲ್ಲಿ ಮೊದಲು ಹುಲ್ಲು ಚಿಗುರುವುದು ಹೊಳೆಯ ನಡುಗಡ್ಡೆಯಲ್ಲಿ. ನಡುಗಡ್ಡೆ ಅಂದರೆ ಸುತ್ತಲೂ ನೀರು, ನಡುವೆ ಒಣ ನೆಲ. ಒಂದು ಬೆಳಿಗ್ಗೆ, ನೀರು ಮೊಣಕಾಲಿನ ಮಟ್ಟಕ್ಕಿದ್ದಾಗ, ಅಜ್ಜಿ ಕುರಿಗಳನ್ನೂ ಮರಿಗಳನ್ನೂ ಅಲ್ಲಿಗೆ ದಾಟಿಸಿ ಬಿಟ್ಟಳು. ಮರಿಗಳ ಕಾಲು ಎಳೆಯವು, ದಿನಾ ದಾಟಿಸಿದರೆ ಸೋಲುತ್ತವೆ. ಹುಲ್ಲು ಮುಗಿಯುವ ತನಕ ಅಲ್ಲೇ ಇರಲಿ ಅಂದುಕೊಂಡಳು.

ದಿನಾ ಬೆಳಿಗ್ಗೆ ದಡಕ್ಕೆ ಬಂದು ನೋಡುತ್ತಿದ್ದಳು. ನೀರು ಮೊಣಕಾಲಿನ ಮಟ್ಟಕ್ಕೇ ಇರುತ್ತಿತ್ತು. “ಹೊಳೆ ಇದ್ದ ಹಾಗೇ ಇದೆ” ಎಂದು ಮನೆಗೆ ಹೋಗಿ ಉಣ್ಣೆ ನೂಲುತ್ತಿದ್ದಳು.

ಆದರೆ ಸಿಪಿಲೆ ಇದ್ದದ್ದೇ ಆ ನಡುಗಡ್ಡೆಯಲ್ಲಿ, ಹಾಗಾಗಿ ಅದು ಸಂಜೆಯ ಹೊಳೆಯನ್ನೂ ನೋಡಿತು. ಬೆಳಿಗ್ಗೆ ಸಣ್ಣಗಿದ್ದ ಹೊಳೆ ಸಂಜೆಗೆ ಉಬ್ಬುತ್ತಿತ್ತು.

“ಹೊಳೆಯಕ್ಕಾ, ಸಂಜೆಯಾದರೆ ನಿನಗೇನಾಗುತ್ತೆ?” ಎಂದು ಕೇಳಿತು.

“ನಾನೇನು ಮಾಡಲಿ? ಮಧ್ಯಾಹ್ನದ ಬಿಸಿಲಿಗೆ ಮೇಲೆ ಹಿಮ ಕರಗುತ್ತೆ. ಆ ನೀರು ಇಳಿದು ಬರೋಷ್ಟರಲ್ಲಿ ಸಂಜೆ. ರಾತ್ರಿ ಚಳಿಗೆ ಹಿಮ ಮತ್ತೆ ಗಟ್ಟಿಯಾಗುತ್ತೆ, ಬೆಳಿಗ್ಗೆ ನಾನು ಬಡಕಲು. ನಾಳೆ ಎಷ್ಟಾಗ್ತೀನೋ, ನನಗೇ ಗೊತ್ತಿಲ್ಲ” ಅಂದಿತು ಹೊಳೆ.

ಹೊಳೆಗೇ ಗೊತ್ತಿಲ್ಲ ಅಂದರೆ ಯಾರಾದರೂ ಅಳೆಯಬೇಕು. ಅಳೆಯಲು ಕೋಲು ಬೇಕು, ಕೋಲು ಹಿಡಿಯಲು ಕೈ ಬೇಕು. ಸಿಪಿಲೆಗೆ ಇದ್ದದ್ದು ಬಾಲ. ನೀರಿನ ಅಂಚಿನಿಂದ ಹುಲ್ಲಿನವರೆಗೆ ಮೆಟ್ಟಿಲಿನ ಹಾಗೆ ಏಳು ಕಲ್ಲುಗಳಿದ್ದವು. ಸಿಪಿಲೆ ಮೊದಲ ಕಲ್ಲಿನ ಮೇಲೆ ನಿಂತು ಬಾಲ ಇಳಿಸಿತು. ತುದಿ ಒದ್ದೆಯಾಯಿತೇ? ಬಾಲ ಎತ್ತಿ ಮೇಲಿನ ಕಲ್ಲಿಗೆ ಹಾರಿತು. ಮತ್ತೆ ಇಳಿಸಿತು, ಮತ್ತೆ ಎತ್ತಿತು. ಬೆಳಿಗ್ಗೆ ನೀರು ಒಂದನೆಯ ಕಲ್ಲಿಗೆ, ಸಂಜೆ ನಾಲ್ಕನೆಯ ಕಲ್ಲಿಗೆ. ಸಂಜೆಗೆ ಮೂರು ಕಲ್ಲು ಹೆಚ್ಚು.

ಒಂದು ಸಲ ಅಳೆದರೆ ಸಾಲದೇ? ಸಾಲದು. ಹೊಳೆ ಒಂದೇ ಕಡೆ ಕೂರುವುದಿಲ್ಲವಲ್ಲ. ಹಾಗಾಗಿ ಸಿಪಿಲೆ ದಿನಾ ಬೆಳಿಗ್ಗೆ ಅಳೆಯಿತು, ದಿನಾ ಸಂಜೆ ಅಳೆಯಿತು. ಬಾಲ ಇಳಿಸಿತು, ಬಾಲ ಎತ್ತಿತು.

ಹತ್ತನೆಯ ಬೆಳಿಗ್ಗೆ ಸಿಪಿಲೆ ಮೊದಲ ಕಲ್ಲು ಹುಡುಕಿದರೆ ಅದು ಕಾಣಲೇ ಇಲ್ಲ. ಹಿಂದಿನ ರಾತ್ರಿ ಮೋಡ ಕವಿದು ಚಳಿಯೇ ಬಿದ್ದಿರಲಿಲ್ಲ. ಹಿಮ ಗಟ್ಟಿಯಾಗಿರಲಿಲ್ಲ, ಹೊಳೆ ಇಳಿದಿರಲಿಲ್ಲ. ಬೆಳಿಗ್ಗೆಯೇ ನೀರು ನಾಲ್ಕನೆಯ ಕಲ್ಲಿನಲ್ಲಿತ್ತು! ನಾಲ್ಕಕ್ಕೆ ಸಂಜೆಯ ಮೂರು ಸೇರಿದರೆ ಏಳು. ಏಳನೆಯ ಕಲ್ಲು ದಾಟಿದರೆ ಹುಲ್ಲು, ಹುಲ್ಲಿನ ಮೇಲೆ ಮರಿಗಳು.

ಸಿಪಿಲೆ ದಡಕ್ಕೆ ಹಾರಿತು. “ಅಜ್ಜೀ, ಕುರಿಗಳನ್ನು ಈಗಲೇ ಕರೆದುಕೋ! ಸಂಜೆಗೆ ನಡುಗಡ್ಡೆ ಮುಳುಗುತ್ತೆ.”

ಬಿಸ್ನಿ ನಕ್ಕಳು. “ಏ ಪುಟ್ಟಿ, ನನ್ನ ಹಿಡಿಯಷ್ಟಿಲ್ಲ ನೀನು, ನನಗೆ ಹೊಳೆ ಪಾಠ ಹೇಳ್ತೀಯಾ? ದಿನಾ ಬಂದು ನೋಡ್ತೀನಿ ನಾನು. ಇವತ್ತು ಒಂಚೂರು ಹೆಚ್ಚಿದೆ, ನಾಳೆ ಇಳಿಯುತ್ತೆ.”

“ಸಂಜೆ ನೋಡಿದ್ದೀಯಾ ಅಜ್ಜಿ?”

“ಸಂಜೆ ಯಾರು ಬರ್ತಾರೆ? ಒಲೆ ಹಚ್ಚಬೇಕು, ರೊಟ್ಟಿ ಸುಡಬೇಕು.”

“ನಾನು ನೋಡಿದ್ದೀನಿ. ಹತ್ತು ಬೆಳಿಗ್ಗೆ, ಒಂಬತ್ತು ಸಂಜೆ. ಒಂದೂ ಬಿಟ್ಟಿಲ್ಲ. ನನ್ನ ಬಾಲ ನೋಡು, ಇನ್ನೂ ಆರಿಲ್ಲ.”

ಅಜ್ಜಿಯ ನಗು ನಿಂತಿತು. ಒದ್ದೆ ಬಾಲವನ್ನು ನೋಡಿದಳು. ತಾನು ನೋಡಿದ್ದು ಬರೀ ಅರ್ಧ ಹೊಳೆ ಅಂತ ಅವಳಿಗೆ ಆಗ ಹೊಳೆಯಿತು. ಲಂಗ ಎತ್ತಿ ಕಟ್ಟಿ ನೀರಿಗಿಳಿದಳು.

ನೀರು ತೊಡೆಗೆ ಬಂದಿತ್ತು, ಹಿಮದಷ್ಟೇ ತಣ್ಣಗಿತ್ತು. ಕಂಕುಳಿಗೊಂದರಂತೆ ಎರಡೆರಡು ಮರಿ ಹೊತ್ತು ಐದು ಸಲ ದಾಟಿದಳು. ಕೊನೆಯ ಸಲ ಒಂದೇ ಮರಿ. ದೊಡ್ಡ ಕುರಿಗಳು ತಮ್ಮ ಮರಿಗಳ ಕೂಗಿಗೆ ಓಗೊಟ್ಟು ಹಿಂದೆಯೇ ಈಜಿ ಬಂದವು.

ಕೊನೆಯ ಮರಿಯನ್ನು ಎತ್ತುವಾಗಲೇ ಅಜ್ಜಿಗೆ ಕಲ್ಲಿನ ಸಂದಿಯಲ್ಲಿ ಒಂದು ಗೂಡು ಕಂಡದ್ದು. ಅದರಲ್ಲಿ ಐದು ಮೊಟ್ಟೆ.

“ಇದು ಯಾರದ್ದೇ?”

“ನನ್ನದು” ಎಂದಿತು ಸಿಪಿಲೆ, ಮೆಲ್ಲಗೆ.

“ಅಯ್ಯೋ ನನ್ನ ತಾಯಿ! ಕುರಿ ಕುರಿ ಅಂತ ಅಷ್ಟು ಕೂಗಿದೆ, ನಿನ್ನದನ್ನು ಹೇಳಲೇ ಇಲ್ಲವಲ್ಲ!” ಅಜ್ಜಿ ತಲೆಯ ಉಣ್ಣೆ ಟೋಪಿ ತೆಗೆದು, ಗೂಡನ್ನು ಅದರೊಳಗಿಟ್ಟು, ಟೋಪಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ದಾಟಿದಳು. ತನ್ನ ಮನೆಯ ಕಲ್ಲುಗೋಡೆಯ ಸಂದಿಯಲ್ಲಿ ಗೂಡನ್ನು ಭದ್ರವಾಗಿ ಇಟ್ಟಳು.

ಸಂಜೆ ಇಬ್ಬರೂ ದಡದಲ್ಲಿ ನಿಂತು ನೋಡಿದರು. ನಡುಗಡ್ಡೆ ಇದ್ದ ಕಡೆ ಬರೀ ಕಂದು ನೀರು.

“ಪುಟ್ಟೀ, ನನಗೆ ನಿನ್ನಷ್ಟು ತಾಳ್ಮೆ ಇಲ್ಲ. ಇನ್ನು ಮೇಲೆ ನೀನು ಅಳೆ, ನೀನು ಹೇಳಿದ್ದನ್ನು ನಾನು ಕೇಳ್ತೀನಿ” ಅಂದಳು ಅಜ್ಜಿ. “ನನಗೂ ಹೇಳ್ತಿರು” ಎಂದಿತು ಹೊಳೆ.

ಚಳಿಗಾಲದಲ್ಲಿ ಸಿಪಿಲೆ ನಮ್ಮ ಕಡೆಗೆ ಬಂದಾಗ, ಕೆರೆಯ ಅಂಚಿನಲ್ಲಿ, ನಲ್ಲಿಯ ಕೆಳಗಿನ ಅಂಗೈಯಗಲದ ನೀರಿನ ಬಳಿಯಲ್ಲೂ ನೋಡಿ: ಬಾಲ ಇಳಿಸುತ್ತದೆ, ಬಾಲ ಎತ್ತುತ್ತದೆ. ಮತ್ತೆ ಬೇಸಿಗೆಯ ಬಿಸಿಲೇರುವ ಮುಂಚೆ ಒಂದು ದಿನ ಅದು ಕಾಣದೆ ಹೋದರೆ ಹುಡುಕಬೇಡಿ. ಅಲ್ಲಿ ಹಿಮ ಕರಗಲು ಶುರುವಾಗಿದೆ, ಅದು ಹೊಳೆ ಅಳೆಯಲು ಹೋಗಿದೆ.