ನೇಕಾರ ಸಾಕಿದ ಮಗು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಒಂದು ತಿಂಗಳಿನಿಂದ ತಾವು ನನ್ನನ್ನು ಬೆಟ್ಟದ ಮೇಲಿನ ಈ ಮಠದ ಹಿತ್ತಲಿನಲ್ಲಿ ಊರಿನ ಪುಟ್ಟ ಮಕ್ಕಳ ಜೊತೆಗೆ ಬಿಟ್ಟಿದ್ದೀರಿ. ಅವರೊಡನೆ ಬೀಜ ಊರುತ್ತೇನೆ, ಸೊಪ್ಪು ಬಿಡಿಸುತ್ತೇನೆ, ಉಣ್ಣಿಸುತ್ತೇನೆ, ಹೊಳೆಯ ದಂಡೆಗೆ ಕರೆದೊಯ್ಯುತ್ತೇನೆ. ಯಾರಿಗೂ ನಾಲ್ಕು ವರ್ಷ ತುಂಬಿಲ್ಲ. ದೊಡ್ಡವರಾದ ಮೇಲೆ ಇದರಲ್ಲಿ ಒಂದೂ ಅವರಿಗೆ ನೆನಪಿರುವುದಿಲ್ಲ. ಇದು ನೀರಿನ ಮೇಲೆ ಬರೆದಂತೆ ಅಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವನಿಗೆ ಇದ್ದವಳು ಒಬ್ಬಳೇ ತಂಗಿ. ಅವಳನ್ನು ಮೂರು ದಿನದ ದಾರಿಯ ಊರಿನ ಒಬ್ಬ ವ್ಯಾಪಾರಿಗೆ ಕೊಟ್ಟಿದ್ದರು. ತಂಗಿ ಜ್ವರದಲ್ಲಿ ಸತ್ತಳು. ವ್ಯಾಪಾರಿ ಹತ್ತು ತಿಂಗಳ ಮಗಳನ್ನು ತಂದು ನೇಕಾರನ ಮಡಿಲಿಗೆ ಹಾಕಿ, "ಭಾವ, ನಾನು ಊರೂರು ಅಲೆಯುವವನು. ಮನೆ ಮಾಡಿಕೊಂಡ ಮೇಲೆ ಬಂದು ಕರೆದೊಯ್ಯುತ್ತೇನೆ" ಎಂದು ಹೇಳಿ ಹೋದ.

ಮಗುವಿನ ಹೆಸರು ಹೊನ್ನಿ. ನೇಕಾರನಿಗೆ ಮಗು ಸಾಕಿ ಗೊತ್ತಿರಲಿಲ್ಲ. ಗಂಜಿ ಕೊಟ್ಟರೆ ಉಗುಳುತ್ತಿತ್ತು. ಎರಡು ವರ್ಷ ತುಂಬುವ ಹೊತ್ತಿಗೂ ಕೈಕಾಲು ಕಡ್ಡಿಯಂತಿದ್ದವು. ನೆರೆಮನೆಯ ಮುದುಕಿ ನೋಡಿ ಹೇಳಿದಳು: "ಮಗ್ಗದ ಪಕ್ಕ ಕೂರಿಸಿದರೆ ಮಗು ಬೆಳೆಯುತ್ತದೇನಪ್ಪ? ಕೈಗೆ ಮಣ್ಣು ಹತ್ತಲಿ. ಆಮೇಲೆ ಮೈಗೆ ಅನ್ನ ಹತ್ತುತ್ತದೆ."

ನೇಕಾರ ಹಿತ್ತಲಿನ ಕಸದ ರಾಶಿ ತೆಗೆದ. ನೆಲ ಅಗೆದು ಹರಿವೆ, ಮೆಂತ್ಯ, ಹೀರೆ ಹಾಕಿದ. ಹೊನ್ನಿ ಪ್ರತಿದಿನ ಬೆಳಿಗ್ಗೆ ಹೋಗಿ ಮೊಳಕೆಗಳನ್ನು ಕಿತ್ತು, ಬೇರು ಎಷ್ಟು ಬೆಳೆದಿದೆ ಎಂದು ನೋಡುತ್ತಿದ್ದಳು. ಅವನು ಬೈಯಲಿಲ್ಲ. ಅವಳು ಮಲಗಿದ ಮೇಲೆ ಮತ್ತೆ ಬೀಜ ಹಾಕುತ್ತಿದ್ದ. ತಾನೇ ಬಿಡಿಸಿದ ಸೊಪ್ಪೆಂದು ಅವಳು ಸಾರು ಉಂಡಳು. ತಾನೇ ನೀರು ಹಾಕಿದ ಹೀರೆಕಾಯಿ ಎಂದು ರೊಟ್ಟಿಯ ಜೊತೆ ಪಲ್ಯ ಕೇಳಿ ಹಾಕಿಸಿಕೊಂಡಳು. ಕೆನ್ನೆ ತುಂಬಿತು.

ಕಾಲಕಾಲಕ್ಕೆ ನೇಕಾರ ಮಗ್ಗ ನಿಲ್ಲಿಸಿ, ಬುತ್ತಿ ಕಟ್ಟಿ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಡುತ್ತಿದ್ದ. ಮಾಗಿಯಲ್ಲಿ ಹೊಲಕ್ಕೆ ಹೋಗಿ ಎಳೆಯ ಜೋಳದ ತೆನೆ ಸುಟ್ಟು ತಿಂದರು. ಮುಂಗಾರಿನ ಮೊದಲಲ್ಲಿ ನೇರಳೆ ಮರದ ಕೆಳಗೆ ಕೂತು ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿಕೊಂಡರು. ಕೆರೆ ಕೋಡಿ ಬಿದ್ದ ದಿನ ನೀರು ನೋಡಿ, ತೊಯ್ದು ಬಂದರು. ಸೀರೆಗೆ ಹೇಳಿದವರು, "ಈ ಹಬ್ಬಕ್ಕೆ ಕೇಳಿದರೆ ಬರುವ ಹಬ್ಬಕ್ಕೆ ಕೊಡುತ್ತೀಯಲ್ಲಯ್ಯ" ಎಂದು ಬೈದರು. ಅವನು ನಕ್ಕುಬಿಡುತ್ತಿದ್ದ. ಅಷ್ಟು ವಯಸ್ಸಿನಲ್ಲಿ ಅವನು ಮೊದಲ ಸಲ ಸುಖವಾಗಿದ್ದ.

ಹೊನ್ನಿಗೆ ನಾಲ್ಕು ತುಂಬುವ ಮುಂಚೆ ವ್ಯಾಪಾರಿ ಗಾಡಿ ಕಟ್ಟಿಕೊಂಡು ಬಂದ. ಮರುಮದುವೆಯಾಗಿದ್ದ. ಹೊಸ ಹೆಂಡತಿಯೂ ಬಂದಿದ್ದಳು. ಒಳ್ಳೆಯ ಹೆಂಗಸು. ಮಗುವನ್ನು ಕಂಡೊಡನೆ ಎತ್ತಿಕೊಂಡಳು. ವ್ಯಾಪಾರಿ ನೇಕಾರನನ್ನು ಪಕ್ಕಕ್ಕೆ ಕರೆದು ಹೇಳಿದ: "ಭಾವ, ಕೆಲವು ವರ್ಷ ನೀವು ಆ ಕಡೆ ಬರಬೇಡಿ. ನಿಮ್ಮನ್ನು ಕಂಡರೆ ಇವಳು ಅಲ್ಲಿ ಒಗ್ಗುವುದಿಲ್ಲ."

ಮಗು ಅವನದು. ಮಾತೂ ನ್ಯಾಯದ್ದೇ. ನೇಕಾರ ಒಪ್ಪಿದ. ರೊಟ್ಟಿ ಸುಟ್ಟು ಬುತ್ತಿ ಕಟ್ಟಿಕೊಟ್ಟ.

ಹೊನ್ನಿ ನಗುತ್ತ ಗಾಡಿ ಹತ್ತಿದಳು. ಅದೂ ತಿರುಗಾಟವೆಂದೇ ಅವಳು ತಿಳಿದಿದ್ದಳು. ಗಾಡಿ ಹೊರಟಾಗ ಕೇಳಿದಳು: "ಮಾವ, ನೀನು ಹತ್ತಲಿಲ್ಲವಲ್ಲ?"

"ನೀನು ಮುಂದೆ ಹೋಗು ಕಂದ. ನಾನು ಹಿಂದೆಯೇ ಬರುತ್ತೇನೆ."

ಅವಳಿಗೆ ಅವನು ಹೇಳಿದ ಮೊದಲ ಸುಳ್ಳು ಅದು. ಆ ವರ್ಷ ಅವನು ಹಿತ್ತಲಿನ ಬಾಗಿಲು ತೆರೆಯಲಿಲ್ಲ. ಹೀರೆಕಾಯಿಗಳು ಬಳ್ಳಿಯಲ್ಲೇ ಒಣಗಿದವು.

ಹದಿನೈದು ವರ್ಷ ಕಳೆಯಿತು. ಹೊನ್ನಿಯ ಮದುವೆಯ ಸುದ್ದಿ ಅದು ಮುಗಿದ ಮೇಲೆ ತಲುಪಿತು. ವ್ಯಾಪಾರಿ ತೀರಿಕೊಂಡದ್ದೂ ಹಾಗೆಯೇ ತಿಳಿಯಿತು. ಆಮೇಲೊಮ್ಮೆ ಆ ಕಡೆಯಿಂದ ಬಂದವರು, ಅವಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಾಳೆ ಎಂದರು. ನೇಕಾರ ಒಂದು ಹಸಿರು ಸೀರೆ ನೇಯ್ದ. ಕಣ್ಣು ಮಂಜಾಗಿತ್ತು, ಎರಡು ತಿಂಗಳು ಹಿಡಿಯಿತು. ಅದನ್ನು ಗಂಟು ಕಟ್ಟಿಕೊಂಡು ಮೂರು ದಿನದ ದಾರಿಯನ್ನು ಆರು ದಿನ ನಡೆದ.

ಹೊನ್ನಿಯೇ ಬಾಗಿಲಿಗೆ ಬಂದಳು. ಮುಖ ತಂಗಿಯದೇ.

"ಯಾರು ಬೇಕಾಗಿತ್ತು ಅಜ್ಜ?" ಎಂದಳು.

ಅವನು ಗಂಟಿಗೆ ಕೈ ಹಾಕಿದ. ಅಷ್ಟರಲ್ಲಿ ಅಂದು ಗಾಡಿಯಲ್ಲಿ ಬಂದಿದ್ದ ಹೆಂಗಸು ಒಳಗಿನಿಂದ ಬಂದಳು. ನೇಕಾರನನ್ನು ಗುರುತಿಸಿದಳು. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ಏನಾಯಿತಮ್ಮ?" ಎಂದು ಹೊನ್ನಿ ಗಾಬರಿಯಿಂದ ಅವಳನ್ನು ಅಪ್ಪಿಕೊಂಡಳು.

ನೇಕಾರನಿಗೆ ಅರ್ಥವಾಯಿತು. ಹೆತ್ತವಳು ಬೇರೆ ಎಂಬುದನ್ನು ಹೊನ್ನಿಗೆ ಯಾರೂ ಹೇಳಿಲ್ಲ. ತಾನು ಮಾವನೆಂದು ಒಂದು ಮಾತು ಆಡಿದರೆ, ಈ ಬಸುರಿ ಹುಡುಗಿಗೆ ತಾಯಿ ಇಲ್ಲವಾಗುತ್ತಾಳೆ. ಆ ಹೆಂಗಸಿಗೆ ಮಗಳು ಇಲ್ಲವಾಗುತ್ತಾಳೆ.

"ದಾರಿಹೋಕ ತಾಯಿ" ಎಂದ. "ಬಾಯಾರಿತ್ತು."

ಹೊನ್ನಿ ನೀರು, ಬೆಲ್ಲ ತಂದು ಕೊಟ್ಟಳು. ಅವನು ಜಗಲಿಯಲ್ಲಿ ಕೂತು ಕುಡಿದ. ನಿಧಾನವಾಗಿಯೇ ಕುಡಿದ. ಎಷ್ಟು ನಿಧಾನಿಸಿದರೂ ಒಂದು ಚೊಂಬು ನೀರು ಎಷ್ಟು ಹೊತ್ತು ಬಂದೀತು? ಎದ್ದು ಹೊರಟ.

ಬೀದಿಯ ಕೊನೆಯಲ್ಲಿ ಆ ತಾಯಿ ಓಡಿ ಬಂದು ಅವನ ಕಾಲು ಹಿಡಿದಳು. ಅವನು ಗಂಟು ಬಿಚ್ಚಿ ಸೀರೆಯನ್ನು ಅವಳ ಕೈಗೆ ಕೊಟ್ಟ.

"ತಂಗೀ, ನಿನ್ನ ತವರಿನಿಂದ ಬಂತೆಂದು ಹೇಳಿ ಉಡಿಸು."

ಊರು ದಾಟಿದ ಮೇಲೆ ಹೊಲದ ಬದುವಿನ ಮೇಲೆ ಕೂತು ಅತ್ತ. ಹೊತ್ತು ಇಳಿಯುವವರೆಗೂ ಅತ್ತು, ಎದ್ದು ತನ್ನೂರಿನ ದಾರಿ ಹಿಡಿದ. ಮತ್ತೆ ಆ ಕಡೆ ಹೋಗಲಿಲ್ಲ. ಹೊನ್ನಿ ಆ ಸೀರೆ ಉಟ್ಟಳು, ಗಂಡುಮಗುವಿನ ತಾಯಿಯಾದಳು, ನೀರು ಕೇಳಿ ಬಂದಿದ್ದ ಅಜ್ಜನನ್ನು ನಾಲ್ಕು ದಿನದಲ್ಲಿ ಮರೆತಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಆದರೂ ಹೇಳಿದ: "ಗುರುಗಳೇ, ಇದು ನನ್ನ ಮಾತನ್ನೇ ನಿಜ ಮಾಡಿತಲ್ಲ. ಅವಳಿಗೆ ಒಂದೂ ನೆನಪಿರಲಿಲ್ಲ."

ಗುರುಗಳು ಅಂದರು: "ಮೊದಲ ಹೆಜ್ಜೆ ಇಡುವಾಗ ಕೈ ಹಿಡಿದವರು ನಿನಗೂ ನೆನಪಿಲ್ಲ, ಆದರೂ ಈ ಬೆಟ್ಟ ಹತ್ತಿ ನನ್ನ ಬಳಿಗೆ ನಡೆದೇ ಬಂದೆ."

ಶಿಷ್ಯ ಎದ್ದು ಮಕ್ಕಳಿದ್ದ ಹಿತ್ತಲಿನ ಕಡೆಗೆ ನಡೆದ.