ಸುಟ್ಟ ಮಾನಿಟರಿಗೆ ನವಿಲಿನ ಗವಸು

“ಗುರುಗಳೇ, ಒಮ್ಮೆ ಸುಟ್ಟದ್ದನ್ನು ನಂಬಿ ಮನೆಯೊಳಗೆ ಇಟ್ಟುಕೊಳ್ಳಬಹುದೇ?” ಶಿಷ್ಯೆ ಕೂರುವ ಮೊದಲೇ ಕೇಳಿದಳು.

ಸುಟ್ಟದ್ದು ಏನು ಎಂದು ಗುರುಗಳು ವಿಚಾರಿಸಲಿಲ್ಲ. ಕೂರಲು ಹೇಳಿ ಕತೆ ಶುರು ಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಕಸೂತಿಯವಳಿದ್ದಳು. ಮದುವೆ ರವಿಕೆಗಳ ಮೇಲೆ ನವಿಲು, ಬಳ್ಳಿ, ಆನೆ ಮೂಡಿಸುವುದು ಅವಳ ಕೆಲಸ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಬರೆಯಬೇಕು, ಆಮೇಲೆ ಯಂತ್ರ ಅದನ್ನು ಹೊಲಿಯುತ್ತದೆ. ಮದುವೆಯ ತಿಂಗಳು ಎದುರಿಗಿರುವಾಗಲೇ ಅವಳ ಮಾನಿಟರ್ ಕಣ್ಣು ಮುಚ್ಚಿತು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ದೊಡ್ಡದೊಂದನ್ನು ತಂದು, ಜಗಲಿಯ ಮೇಲಿಟ್ಟು ಚಾಲೂ ಮಾಡಿದ. ಅವಳು ಕುಣಿಯುವುದೊಂದು ಬಾಕಿ. ಇಷ್ಟು ವರ್ಷ ಒಂದೇ ಕೆಂಪು ಎಂದುಕೊಂಡಿದ್ದದ್ದು ಅಲ್ಲಿ ಕುಂಕುಮ ಬೇರೆ, ದಾಳಿಂಬೆ ಬೇರೆ, ಇಟ್ಟಿಗೆ ಬೇರೆಯಾಗಿ ನಿಂತಿತ್ತು.

ಆಮೇಲೆ ಬೆನ್ನು ನೋಡಿದಳು. ಒಂದು ಮೂಲೆಯಲ್ಲಿ ಅಂಗೈಯಗಲ ಪ್ಲಾಸ್ಟಿಕ್ ಕರಗಿ ಸುಕ್ಕುಗಟ್ಟಿತ್ತು.

ಯಾರೋ ಒಲೆಯ ಪಕ್ಕ ಇಟ್ಟಿದ್ದರು, ಒಳಗೇನೂ ಆಗಿಲ್ಲ ಎಂದು ವ್ಯಾಪಾರಿ ಆಣೆ ಇಟ್ಟ. ಅವಳ ಮನೆ ಎಂದರೆ ಒಂದೇ ಕೋಣೆ. ನೆಲದಿಂದ ಸೂರಿನವರೆಗೆ ನೂಲು, ಬಟ್ಟೆ, ಬೇರೆಯವರ ಮದುವೆ ಸೀರೆ. ಒಂದು ಕಿಡಿ ಸಾಕು. ಬೇಕು ಎನ್ನಲು ಧೈರ್ಯವಿಲ್ಲ, ಬೇಡ ಎನ್ನಲು ಮನಸ್ಸಿಲ್ಲ. ಎದುರಿನ ಇಸ್ತ್ರಿಯವನನ್ನು ಕರೆದಳು. ಬಿಸಿಯ ವಿಷಯದಲ್ಲಿ ಆ ಬೀದಿಗೆಲ್ಲ ಅವನೇ ಪಂಡಿತ.

ಇಸ್ತ್ರಿಯವನು ಮೊದಲು ಪ್ಲಗ್ ಕೀಳಿಸಿದ, ಆಮೇಲೆ ವ್ಯಾಪಾರಿಯ ಕೈಯಿಂದಲೇ ಬೆನ್ನು ಬಿಚ್ಚಿಸಿದ. ಕರಗಿದ್ದು ಹೊರಮೈ ಮಾತ್ರ. ಒಳಮೈಗೆ ಕಲೆ ಇರಲಿಲ್ಲ, ತಂತಿಗಳು ಕಪ್ಪಾಗಿರಲಿಲ್ಲ, ಗಾಳಿಕಿಂಡಿಗಳು ತೆರೆದೇ ಇದ್ದವು. ಅಷ್ಟಕ್ಕೂ ಅವನು ಒಪ್ಪಲಿಲ್ಲ. ಕೋಣೆಯೊಳಗೆ ಈಗಲೇ ಬೇಡ, ನಾಳೆ ಬೆಳಗಿನಿಂದ ಸಂಜೆಯವರೆಗೆ ಈ ಕಲ್ಲಿನ ಜಗಲಿಯ ಮೇಲೆಯೇ ಓಡಲಿ ಎಂದ.

ಮರುದಿನ ಬೀದಿಗೆ ಬೀದಿಯೇ ಅಲ್ಲಿತ್ತು. ಹೋಗುವವರು ಬರುವವರೆಲ್ಲ ಮಗುವಿನ ಜ್ವರ ನೋಡುವಂತೆ ಅದರ ಬೆನ್ನು ಮುಟ್ಟಿ ನೋಡಿದರು. ಈಗ ಸಿಡಿಯುತ್ತದೆ, ಇನ್ನೇನು ಸಿಡಿಯುತ್ತದೆ ಎಂದು ಕಾದು ಕೆಲವರು ಮಧ್ಯಾಹ್ನದ ಅಡುಗೆಯನ್ನೇ ಮರೆತರು. ಸಂಜೆಗೆ ಅದು ಬೆಚ್ಚಗಿತ್ತು, ಅಷ್ಟೇ. ಸಿಡಿಯಲಿಲ್ಲವೆಂದು ಒಂದಿಬ್ಬರಿಗೆ ಬೇಸರವೂ ಆಯಿತು. ಕಸೂತಿಯವಳು ಇಸ್ತ್ರಿಯವನಿಗೆ ಎರಡು ಲೋಟ ಚಹಾ ಕುಡಿಸಿ, ಮಾನಿಟರನ್ನು ಮದುವಣಗಿತ್ತಿಯಂತೆ ಒಳಗೆ ಕರೆತಂದಳು.

ಕೆಲಸ ಓಡತೊಡಗಿತು. ಆದರೆ ಮಾನಿಟರ್ ಬಾಗಿಲಿಗೆ ಬೆನ್ನು ಮಾಡಿ ಕೂತಿತ್ತು. ಬಂದ ಗಿರಾಕಿಗಳ ಕಣ್ಣು ಮೊದಲು ಆ ಸುಟ್ಟ ಮೂಲೆಗೇ ಹೋಗುತ್ತಿತ್ತು. ಕೇಳದವರಿಗೂ ಅವಳು ಒಲೆಯ ಕತೆ ಹೇಳುತ್ತಿದ್ದಳು. ಸೂಜಿ ಕೈಯಲ್ಲಿರುವವಳು ಇದನ್ನು ಎಷ್ಟು ದಿನ ಸಹಿಸಿಯಾಳು? ದಪ್ಪ ವೆಲ್ವೆಟ್ಟಿನಲ್ಲಿ ಅಳತೆಗೆ ಸರಿಯಾಗಿ ಒಂದು ಗವಸು ಹೊಲಿದಳು. ಮುಂದಿನ ಪರದೆಯೊಂದನ್ನು ಬಿಟ್ಟು ಬೆನ್ನು ಪೂರ್ತಿ ಮುಚ್ಚುವಂಥದು. ಅದರ ಮೇಲೆ ಗರಿ ಬಿಚ್ಚಿದ ನವಿಲು. ಬಂದವರೆಲ್ಲ ನವಿಲನ್ನು ಹೊಗಳಿದರು. ಒಬ್ಬಳಂತೂ ಅದೇ ನವಿಲು ತನ್ನ ರವಿಕೆಗೂ ಬೇಕೆಂದು ಹಟ ಹಿಡಿದಳು.

ಗವಸು ತೊಡಿಸಿದ ಮೂರನೆಯ ದಿನ ಸುಟ್ಟ ವಾಸನೆ ಬಂತು. ಅವಳು ಚಿತ್ರದಿಂದ ಕಣ್ಣು ತೆಗೆಯದೆ ಬೀದಿಯಾಚೆಗೆ ಕೂಗಿದಳು.

“ಯಾರ ಸೀರೆ ಸುಟ್ಟೆ ಅಣ್ಣಾ?”

“ನನ್ನ ಪೆಟ್ಟಿಗೆಗೆ ಇನ್ನೂ ಕೆಂಡವನ್ನೇ ಹಾಕಿಲ್ಲ ತಂಗೀ. ನಿನ್ನ ಮನೆ ನೋಡಿಕೋ.”

ನೋಡಿದಳು. ಪ್ಲಗ್ ಕಿತ್ತು ಗವಸನ್ನು ಎಳೆದು ಬೀದಿಗೆ ಎಸೆದಳು. ವೆಲ್ವೆಟ್ಟಿನ ಒಳಮೈ ಕಂದಾಗಿ ಹೊಗೆಯಾಡುತ್ತಿತ್ತು. ಮೊಳದ ದೂರದಲ್ಲಿ ನೂಲಿನ ರಾಶಿ. ಇಸ್ತ್ರಿಯವನು ಓಡಿಬಂದು ಮಾನಿಟರಿನ ಬೆನ್ನಿಗೆ ಕೈ ಚಾಚಿದ. ಮೂರು ದಿನ ಉಸಿರು ಕಟ್ಟಿದ್ದ ಗಾಳಿಕಿಂಡಿಗಳ ಮೇಲೆ, ದಿನವೂ ಕೆಂಡದೊಡನೆ ಬದುಕುವ ಅವನಿಗೂ ಕೈ ಇಡಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಯಾವಾಗಲೋ ಎದ್ದು ನಿಂತಿದ್ದಳು. ತನಗೆ ಉತ್ತರ ಸಿಕ್ಕಿತು, ಕಸೂತಿಯವಳು ಆ ಸುಟ್ಟದ್ದನ್ನು ಮೊದಲ ದಿನವೇ ಜಗಲಿಯಿಂದ ವಾಪಸು ಕಳಿಸಬೇಕಿತ್ತು ಎಂದು ಒಂದೇ ಉಸಿರಿಗೆ ಹೇಳಿದಳು.

“ಹೊಗೆ ಎದ್ದ ದಿನವೂ ಸುಟ್ಟ ಮೂಲೆ ತಣ್ಣಗೇ ಇತ್ತು ಮಗಳೇ, ಕಾದದ್ದು ಗವಸು ಮುಚ್ಚಿದ ಕಿಂಡಿ. ನೀನು ಯಾವುದಕ್ಕೆ ಗವಸು ತೊಡಿಸಿಟ್ಟು ಇಲ್ಲಿಗೆ ಓಡಿ ಬಂದೆ?”