ದಾಮು ಎತ್ತಿಕೊಂಡು ಬಂದದ್ದು

ಅಮ್ಮ ಏನು ಹೇಳಿದರೂ ದಾಮು ಒಂದು ಬೆರಳು ಮಡಚಿ, ಅದನ್ನೇ ಮೂರು ಸಲ ಗುನುಗಿಕೊಳ್ಳುತ್ತಿದ್ದ. ಮೂವತ್ತು ದಾಟಿದ ಗಂಡಸು. "ನಿನಗೆ ಬುದ್ಧಿ ಬರೋದರೊಳಗೆ ನನ್ನ ಆಯಸ್ಸು ಮುಗಿಯುತ್ತೆ ಕಣೋ!" ಎನ್ನುತ್ತಿದ್ದರು ತಾಯಿ ವಾಸಂತಿ ಖಾರ್ವಿ. ಅದನ್ನೂ ಅವನು ಬೆರಳು ಮಡಚಿ ಗುನುಗಿಕೊಳ್ಳುತ್ತಿದ್ದ.

ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. ಒಮ್ಮೆ ಹಡಗು ಮುಳುಗಿದಾಗ ಜಪಾನಿನ ಒಂದು ಸಣ್ಣ ದ್ವೀಪದ ಮೀನುಗಾರರು ಅವರನ್ನು ನೀರಿನಿಂದೆತ್ತಿ ಬದುಕಿಸಿದ್ದರು. "ಸತ್ತ ಮೇಲೆ ನನ್ನ ಬೂದಿ ಅಲ್ಲೇ ಇರಲಿ" ಎಂದು ಕೇಳಿಕೊಂಡು ತೀರಿಕೊಂಡರು. ಹಾಗಾಗಿ ತಾಯಿ, ಮಗ, ಒಂದು ಬೂದಿ ಡಬ್ಬಿ. ಜಪಾನಿಗೆ ಹೋಗಿ, ಒಳಗೇ ಮಲಗುವಂಥ ಬಾಡಿಗೆ ವ್ಯಾನಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೊರಟರು. ಓಡಿಸುವುದು ತಾಯಿಯೇ.

"ಈ ದೇಶದಲ್ಲಿ ಒಳಗೆ ಹೋಗೋ ಮುಂಚೆ ಚಪ್ಪಲಿ ಹೊರಗೆ ಬಿಡಬೇಕು, ತಿಳೀತಾ?"

ತಿಳಿಯಿತು. ಹಳೇ ಕೋಟೆ ನೋಡಿ ಬಂದವನು ಚಪ್ಪಲಿ ರಸ್ತೆಯಲ್ಲೇ ಬಿಟ್ಟು ವ್ಯಾನು ಹತ್ತಿದ. ಎರಡು ಸೇತುವೆ ದಾಟಿದ ಮೇಲೆ ತಾಯಿ ಅವನ ಬರಿಗಾಲು ನೋಡಿದರು.

"ಅಯ್ಯೋ ಮಂಕೇ! ಹೊರಡುವಾಗ ಬಿಟ್ಟಿದ್ದನ್ನೆಲ್ಲ ಎತ್ಕೊಂಡು ಬರಬೇಕು ಕಣೋ!"

ದಾಮು ಬೆರಳು ಮಡಚಿದ.

ಮಾರನೇ ದಿನ ಒಂದು ಊರಿನ ಬಿಸಿನೀರಿನ ಸ್ನಾನದ ಮನೆ. ಹೊರಡುವಾಗ ಬಾಗಿಲಲ್ಲಿ ಬಿಟ್ಟಿದ್ದನ್ನೆಲ್ಲ ಎತ್ತಿಕೊಂಡು ಬಂದ. ಹನ್ನೊಂದು ಜೊತೆ! ಒದ್ದೆ ಮೈಯ ಮುದುಕರು ಟವೆಲು ಹಿಡಿದುಕೊಂಡು ವ್ಯಾನಿನ ಹತ್ತಿರ ಓಡಿ ಬಂದರು. ತಾಯಿ ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಚಪ್ಪಲಿ ಕೊಟ್ಟರು.

"ಬೇರೆಯವರದ್ದು ಮುಟ್ಟಬೇಡ! ನಮ್ಮದು ಮಾತ್ರ! ನಮ್ಮದು ಒಂದನ್ನೂ ಬಿಡಬೇಡ!"

ಮತ್ತೆ ಬೆರಳು ಮಡಚಿದ.

ಕೊನೆಯ ದಿನ ಅಪ್ಪನ ದ್ವೀಪ. ಅಲ್ಲಿಗೆ ಸೇತುವೆ ಇಲ್ಲ. ವ್ಯಾನನ್ನೂ ದೊಡ್ಡ ದೋಣಿಗೇ ಹತ್ತಿಸಬೇಕು. ಗುಡಿಯ ಮುದಿ ಭಿಕ್ಷು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೇರೆ ಡಬ್ಬಿಗಳ ಸಾಲಿನಲ್ಲಿಟ್ಟು ದೀಪ ಹಚ್ಚಿದರು. "ನಿಮ್ಮ ಮಾತು ಉಳಿಸಿದೆ ನೋಡಿ," ಎಂದರು ತಾಯಿ, ಡಬ್ಬಿಗೆ. ಗಂಡ ಸತ್ತ ಮೇಲೆ ಅವರು ಮೊದಲ ಸಲ ಅತ್ತದ್ದು ಆಗಲೇ. ಕಣ್ಣೊರೆಸಿಕೊಳ್ಳುತ್ತ ಮುಂದೆ ನಡೆದರು. ಅವತ್ತು ಸಂಜೆಗೇ ಊರಿಗೆ ವಿಮಾನ.

ದೋಣಿ ದಡ ಬಿಟ್ಟಿತು.

"ಅಮ್ಮಾ, ಈ ಸಲ ನೀನು ಬೈಯಲ್ಲ!" ದಾಮು ಶರ್ಟಿನೊಳಗಿನಿಂದ ಡಬ್ಬಿ ತೆಗೆದ. "ಅಲ್ಲಿ ಎಷ್ಟೊಂದಿತ್ತು! ಬೇರೆಯವರದ್ದು ಮುಟ್ಟಲೇ ಇಲ್ಲ. ಅಪ್ಪನ ಹೆಸರು ಓದಿಯೇ ಎತ್ಕೊಂಡೆ. ನಮ್ಮದು!"

ದ್ವೀಪ ಹಿಂದೆ ಹಿಂದೆ ಹೋಗುತ್ತಿತ್ತು. ತಾಯಿ ಒಮ್ಮೆ ದ್ವೀಪ, ಒಮ್ಮೆ ಡಬ್ಬಿ ನೋಡಿದರು.

ದಾಮು ಕಾದ. ಡಬ್ಬಿಯನ್ನು ಕಂಕುಳಲ್ಲಿಟ್ಟು, ಒಂದು ಬೆರಳು ಮುಂದೆ ಚಾಚಿಕೊಂಡು ಕಾದ.

"ಇನ್ಮುಂದೆ ಹೇಗೆ ಮಾಡಬೇಕು, ಹೇಳಮ್ಮಾ."